ಪ್ರಸನ್ನನ ಪ್ರಾಕ್ಸಿ

ವಾಯ್ಸ್ ನೋಟ್
೨೦ ಜನವರಿ ೨೦೨೫, ತಿಲಕ್ ನಗರ

...ಅಯ್ಯೋ ಇಲ್ಲ, ಸಾರಿ ಮಗಾ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಬೆರಳು ಜಾರಿ ಅರ್ಧಕ್ಕೇ ಹೋಗ್ಬಿಡ್ತು. ಅದಕ್ಕೂ ಮುಂಚೆ ಒಂದು ಮಾಡಿದ್ದೆ, ಅದರಲ್ಲಿ ಬರೀ ಜೆರಾಕ್ಸ್ ಮಷೀನ್ ಸದ್ದೇ ಕೇಳಿಸ್ತಿತ್ತು, ಅಳಿಸ್ದೆ. ಈ ಅಂಗಡಿ ಮೂಲೇಲಿ ಟೇಬಲ್ ಹಾಕ್ಕೊಂಡು ಇಪ್ಪತ್ತು ವರ್ಷದಿಂದ ಇನ್ಶೂರೆನ್ಸ್ ಮಾರ್ತಿದೀನಿ, ಒಂದು ದಿನಾನೂ ಈ ಮಷೀನ್ ನಂಗಿಂತ ಕಮ್ಮಿ ಮಾತಾಡಿದ್ದಿಲ್ಲ ನೋಡು.

ಸರಿ. ನಿನ್ನೆ ನಿಮ್ಮನೇಲಿ ನಾನು ಹಂಗೆ ಮಾಡ್ಬಾರ್ದಿತ್ತು. ಎದುರಿಗೆ ಹೇಳೋಕೆ ಮುಖ ಇರ್ಲಿಲ್ಲ, ಅದಕ್ಕೇ ಹಿಂಗೆ. ಐದು ತಿಂಗಳಿಂದ ನೀನು ಅವ್ವಂಗೆ ಫೋನ್ ಮಾಡಿರ್ಲಿಲ್ಲ. ಗಂಟಲಲ್ಲಿ ಗಡ್ಡೆ, ಡಾಕ್ಟ್ರು ಮಾತಾಡ್ಬೇಡ ಅಂದಿದಾರೆ ಅಂತ ಸೊಸೆ ವನಿತಾ ಕೈಲೇ ಹೇಳ್ಸಿದ್ದೆ. ಧ್ವನಿಪೆಟ್ಟಿಗೇನೇ ತೆಗೆದುಬಿಟ್ಟಿದಾರೆ, ಕ್ಯಾನ್ಸರು, ಅಂತ ಹಾರೋಹಳ್ಳಿಲಿ ನಿನ್ ತಂಗಿ ಮನೇಲಿ ಕೂತಿರೋ ಆ ಮುದುಕಿಗೆ ಯಾರು ಹೇಳ್ತಾರೆ? ನಿನ್ನೆ ನೀನು ಡಾಕ್ಟ್ರು ಒಳಗೆ ಕೂರಿಸಿದ ವಾಲ್ವ್ ಇಟ್ಕೊಂಡು ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡ್ಕೊಂಡೆ, ಕತ್ತಿನ ತೂತಿಗೆ ಹೆಬ್ಬೆಟ್ಟು ಒತ್ತಿ "ಅವ್ವಾ, ನಾನು" ಅಂದೆ. ಚೆನ್ನಾಗೇ ಬಂತು ಗುರು. ಸ್ವಲ್ಪ ಚಳೀಲಿ ಡೀಸೆಲ್ ಗಾಡಿ ಸ್ಟಾರ್ಟ್ ಆದಂಗೆ ಇತ್ತು, ಆದ್ರೂ ಮಾತು ಮಾತೇ.

ಆ ಕಡೆಯಿಂದ ಅವ್ವ, "ಯಾರಪ್ಪ ನೀನು? ನನ್ ಮಗನ್ ಕೈಗೆ ಕೊಡು ಫೋನ" ಅಂದ್ರು. ನೀನು "ನಾನೇ ಕಣವ್ವಾ" ಅಂದೆ. "ನನ್ ಮಗನ್ನ ಏನ್ ಮಾಡಿದ್ಯೋ ಪಾಪಿ" ಅಂತ ಅಳೋಕೆ ಶುರು ಮಾಡ್ಬಿಟ್ರು. ಸ್ಪೀಕರ್ ಬೇರೆ ಆನ್ ಇತ್ತು. ನಿನ್ ಮಗಳು ಮೈತ್ರಿ ಪುಸ್ತಕದಿಂದ ತಲೆ ಎತ್ಲಿಲ್ಲ. ನಿನ್ ಹೆಬ್ಬೆಟ್ಟು ಹಂಗೇ ಕತ್ತಲ್ಲೇ ಇತ್ತು. ನನ್ ಬಾಯಿ ತಾನಾಗೇ ತೆರ್ಕೊಂಡ್ತು ಮಗಾ. "ಹೇಳವ್ವಾ" ಅಂದೆ. ನಿನ್ ವಾಯ್ಸಲ್ಲಿ.

ಬಂದೇ ಬಿಡ್ತು ನೋಡು ಅದು. ಮೂವತ್ತು ವರ್ಷ ಆಗಿತ್ತು. ಸಂಜೆ ಕಾಲೇಜಲ್ಲಿ ನೀನು ಗ್ಯಾರೇಜಿಂದ ಬರೋದು ತಡ ಆದ್ರೆ ನಾನೇ ಅಲ್ವಾ ನಿನ್ ಹಾಜರಿ ಹೇಳ್ತಿದ್ದಿದ್ದು? ಮುಂದಿನ ಬೆಂಚಲ್ಲಿ ಗೌರೀಶಂಕರ "ಪ್ರೆಸೆಂಟ್ ಸಾರ್", ಬಗ್ಗಿ ಹಿಂದಕ್ಕೆ ಹೋಗಿ ಪ್ರಸನ್ನ "ಎಸ್ಸಾರ್". ಒಂದಿನ ನೀನು ಬಂದಿದ್ದು ನಂಗೆ ಗೊತ್ತಾಗ್ದೆ ಇಬ್ರೂ ಕೂಗಿದ್ವಿ. ಲೆಕ್ಚರರ್ ನಿನ್ನ ನೋಡಿ "ಡೂಪ್ಲಿಕೇಟ್, ಹೊರಗೆ ನಡಿ" ಅಂದ್ರು. ನಾನು ಒಳಗೇ ಕೂತಿದ್ದೆ. ಎಷ್ಟು ನಕ್ಕಿದ್ವಿ ಆವತ್ತು!

ಬೈಯೋದಾದ್ರೆ ಬೈ. ಟೈಪ್ ಮಾಡಿ ಬೈ. ಇಡ್ತೀನಿ.

ನಿನ್ ಗೌರಿ

*

೨೨ ಜನವರಿ ೨೦೨೫
ಕುಮಾರಸ್ವಾಮಿ ಲೇಔಟ್

ಗೌರೀ,

ಕೇಳಿದೆ. ಬೈಯುವುದಿಲ್ಲ. ನಿನಗೆ ಬೈದರೆ ನೀನು ಅದಕ್ಕೊಂದು ಉತ್ತರ ಕಳಿಸುತ್ತೀಯ, ಅದನ್ನೂ ಕೇಳಬೇಕಾಗುತ್ತದೆ.

ನೀನು "ಹೇಳವ್ವಾ" ಎಂದ ಕೂಡಲೇ ಅವ್ವನ ಅಳು ನಿಂತಿತು. "ಉಂಡ್ಯಾ ಮಗ?" ಎಂದಳು. ನಾನು ತಲೆಯಾಡಿಸಿದೆ. ನೀನು "ಉಂಡೆ ಕಣವ್ವಾ" ಎಂದೆ. ಅವಳಿಗೆ ಬೇಕಾಗಿದ್ದ ಮಗ ಯಾರು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಆದ್ದರಿಂದ ಒಂದು ಒಪ್ಪಂದ ಮಾಡಿಕೊಳ್ಳೋಣ. ನಿನ್ನ ಎರಡನೇ ಫೋನಿನ ನಂಬರನ್ನು ನನ್ನ ಹೊಸ ನಂಬರ್ ಎಂದು ಅವ್ವನಿಗೆ ಕೊಡಿಸುತ್ತೇನೆ. ಭಾನುವಾರ ಅವಳ ಫೋನ್ ಬಂದರೆ ನೀನೇ ಮಾತಾಡು. ವೈಶಾಖ ಹುಣ್ಣಿಮೆಯ ತನಕ ಮಾತ್ರ. ಪ್ರತಿ ವರ್ಷ ಹುಣ್ಣಿಮೆಗೆ ಅವಳು ನಮ್ಮ ಮನೆಗೆ ಬರುತ್ತಾಳೆ, ನಮ್ಮ ಸಮುದಾಯ ಭವನದಲ್ಲಿ ನಾನು ಬುದ್ಧವಂದನೆ ಹೇಳಿಕೊಡುತ್ತೇನೆ, ಜನರೆಲ್ಲ ನನ್ನ ಹಿಂದೆ ಹೇಳುತ್ತಾರೆ, ಅವಳು ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ. ಈ ವರ್ಷವೂ ನಾನೇ ಹೇಳಬೇಕು. ಎಂಥ ಧ್ವನಿಯಾದರೂ ಸರಿ, ಅದು ನನ್ನದು ಎಂದು ಅವಳು ಅವತ್ತು ಕಿವಿಯಾರೆ ಕೇಳಿ ಒಪ್ಪಿಕೊಳ್ಳಬೇಕು. ಅಭ್ಯಾಸ ಮಾಡಿದರೆ ಸಾಧ್ಯ ಎಂದು ಮಾತು ಕಲಿಸುವ ಮೇಡಂ ಹೇಳಿದ್ದಾರೆ.

ಇನ್ನೊಂದು ವಿಷಯ. ಟೀ ಕುಡಿದರೆ ಕೆಮ್ಮು ಬರುತ್ತಿದೆ. ವಾಲ್ವ್ ಸವೆದು ಸೋರುತ್ತಿದೆಯಂತೆ, ಟೀ ಶ್ವಾಸನಾಳಕ್ಕೆ ಇಳಿಯುತ್ತಿದೆ. ಹಳೇ ನಲ್ಲಿಯ ವಾಷರ್ ಇದ್ದ ಹಾಗೆ ಇದು; ಕೆಲವು ತಿಂಗಳಿಗೊಮ್ಮೆ ಬದಲಿಸಲೇಬೇಕು, ನಾನು ಬದುಕಿರುವಷ್ಟು ಕಾಲ. ನೀನು ಮಾಡಿಸಿದ ಪಾಲಿಸಿಯಲ್ಲಿ ಇದು ಬರುತ್ತದೆಯೋ ನೋಡಿ ಹೇಳು.

ಪ್ರಸನ್ನ

*

ವಾಯ್ಸ್ ನೋಟ್
೧೬ ಫೆಬ್ರವರಿ ೨೦೨೫

ಮಗಾ, ಜಯನಗರದ ಆಫೀಸಿಗೆ ಹೋಗಿದ್ದೆ. ಕೈಲಾಸ್ ಅಂತ ಒಬ್ಬ ಕ್ಲೇಮ್ಸ್ ಆಫೀಸರ್ ಇದಾನೆ, ಒಳ್ಳೇ ಹುಡುಗ, ಪ್ರತಿ ಮಾತಿಗೂ ಸಾರ್ ಅಂತಾನೆ, ಒಂದು ರೂಪಾಯಿ ಬಿಚ್ಚಲ್ಲ.

"ಆಪರೇಷನ್‌ಗೆ ಕೊಟ್ಟಿದೀವಲ್ಲ ಸಾರ್" ಅಂದ. ಕೊಟ್ಟಿದೀರಪ್ಪ, ಆ ವಾಲ್ವ್ ಯಾಕೆ ಕಟ್ ಮಾಡಿದ್ರಿ ಅಂದೆ. ಬಿಲ್ ತೆಗೆದು ತೋರಿಸ್ದ. ಹತ್ತಿ, ಗ್ಲೌಸು, ಶೇವಿಂಗ್ ರೇಜರ್ರು, ಆಮೇಲೆ ನಿನ್ ವಾಲ್ವು. ಎಲ್ಲ ಒಂದೇ ಬ್ರಾಕೆಟ್‌ನಲ್ಲಿ. "ಕನ್ಸ್ಯೂಮಬಲ್ ಸಾರ್. ಬಳಸಿ ಬಿಸಾಕೋ ಐಟಂ."

"ಮಾತನ್ನ ಬಳಸಿ ಬಿಸಾಕ್ತಾರೇನ್ರೀ?" ಅಂದೆ.

"ಹಂಗಾದ್ರೆ ಹೊರಗಿನ ಉಪಕರಣ ಅನ್ಕೊಳ್ಳಿ. ಕನ್ನಡಕ, ಊರುಗೋಲು ಥರ. ಅದಕ್ಕೂ ಬರಲ್ಲ."

"ಇದು ಕತ್ತೊಳಗಿದೆ ಕಣ್ರೀ."

"ಒಳಗಿದ್ರೆ ಇಂಪ್ಲಾಂಟು. ಇಂಪ್ಲಾಂಟ್ ಆದ್ರೆ ಒಂದು ದಿನ ಪೂರ್ತಿ ಅಡ್ಮಿಟ್ ಆಗಿರ್ಬೇಕು. ಇದನ್ನ ಓಪಿಡಿಲಿ ಕುರ್ಚಿ ಮೇಲೆ ಕೂರ್ಸಿ ಹಾಕಿ ಕಳಿಸ್ತಾರೆ ಸಾರ್."

ಅಂದ್ರೆ ಕತ್ತೊಳಗಿದ್ರೂ ಪಾಲಿಸಿಯಿಂದ ಹೊರಗೆ, ಹೊರಗಿದ್ರೂ ಹೊರಗೆ. ನಾನೇ ಮಾರಿರೋ ಪಾಲಿಸಿ ಗುರು, ನಂಗೇ ತಲೆ ತಿರುಗೋಯ್ತು. ಬಿಡ್ತೀನಾ? ಜಿಎಸ್‌ಟಿ ಹೊಸ ರೂಲ್ಸ್ ಮಾತಾಡಿ, ಅವನ ಮಗಳ ಸ್ಕೂಲ್ ಸೀಟ್ ಮಾತಾಡಿ, ಪಕ್ಕದ ಹೋಟೆಲಲ್ಲಿ ಖಾಲಿ ದೋಸೆ ತಿನ್ನಿಸಿ, ಕೊನೆಗೆ ಬಾಯಿ ಬಿಡಿಸ್ದೆ. ಸ್ಪೆಷಲ್ ಅಪ್ರೂವಲ್ ಅಂತ ಒಂದಿದೆಯಂತೆ. ಇದಿಲ್ದೆ ಪೇಷಂಟ್‌ಗೆ ಮಾತಾಡೋಕೇ ಆಗಲ್ಲ ಅಂತ ನಿಮ್ ಡಾಕ್ಟ್ರು ಬರೆದು ಕೊಡ್ಬೇಕು. ಒಂದ್ಸಲ ಪಾಸಾದ್ರೆ ಮುಂದೆ ಪ್ರತಿಸಲಾನೂ ಕೊಡ್ತಾರೆ. ಹಾಕೇ ಬಿಟ್ಟೆ. ಕಾಂಟ್ಯಾಕ್ಟ್ ನಂಬರ್ ಕೇಳ್ದ, ನೀನು ಫೋನೆತ್ತಿ ಏನ್ ಮಾಡ್ತೀಯ, ನನ್ ಎರಡನೇ ನಂಬರೇ ಕೊಟ್ಟೆ.

ಇವತ್ತು ಅವ್ವ ಮಾಡಿದ್ರು. "ಆ ನಿನ್ ಸ್ನೇಹಿತ ಗೌರಿ, ಬಾಯ್ಬಡುಕ, ಇನ್ನೂ ಬತ್ತನಾ ಮನೆಗೆ?" ಅಂದ್ರು. "ಬತ್ತನೆ ಕಣವ್ವಾ, ತಲೆ ತಿಂತನೆ" ಅಂದೆ. ನಿನ್ ಬಾಯಲ್ಲಿ ನನ್ನನ್ನೇ ಬೈಕೊಂಡೆ, ಸಖತ್ ನಗು ಬಂತು. ಆಮೇಲೆ ನಿಮ್ಮಪ್ಪನ ಮಾತು ತೆಗೆದ್ರು. ಪಾಪಯ್ಯನವ್ರು ಸಾಯೋ ದಿನ "ಪ್ರಸನ್ನ ಬಂದ್ನಾ, ಪ್ರಸನ್ನ ಬಂದ್ನಾ" ಅಂತ ಬಾಗಿಲನ್ನೇ ನೋಡ್ತಿದ್ರಂತೆ. ನಿನ್ ಮೇಲೆ ಸಿಟ್ಟೇನೂ ಇರ್ಲಿಲ್ವಂತೆ. ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ ಅಂದೆ. ನಿನ್ ದನಿ ಐದು ತಿಂಗಳು ಕೇಳ್ದೆ ಇದ್ದಾಗ ಹೇಳ್ಬೇಕು ಅನ್ಸ್ತು ಅಂದ್ರು. ಜೆರಾಕ್ಸ್‌ಗೆ ಜನ ಬಂದ್ರು ನೋಡು, ನನ್ನೇ ಕೇಳ್ತಿದಾರೆ ಆಧಾರ್ ಎರಡು ಕಡೆ ಹಾಕ್ಬೇಕಾ ಅಂತ. ಇಡ್ತೀನಿ.

ನಿನ್ ಗೌರಿ

*

೨ ಮಾರ್ಚ್ ೨೦೨೫

ಗೌರೀ,

ನನ್ನ ಅಪ್ಪ ಕೊನೆಯ ದಿನ ನನ್ನನ್ನು ಕರೆದರು ಎಂಬ ಸುದ್ದಿ ನನಗೆ ತಲುಪಿದ್ದು ನಿನ್ನ ದೋಸೆಗೂ ಆಧಾರ್ ಕಾರ್ಡಿಗೂ ನಡುವೆ. ಸಿಟ್ಟಿನಲ್ಲೇ ಹೋದರು ಎಂದುಕೊಂಡು ಹತ್ತು ವರ್ಷ ಕಳೆದಿದ್ದೇನೆ. ಅವ್ವ ಅದನ್ನು ಹೇಳುವಾಗ ಅತ್ತಳೋ, ಸುಮ್ಮನೆ ಹೇಳಿದಳೋ? ನಡುವೆ ಎಲ್ಲಿ ನಿಲ್ಲಿಸಿದಳು? ನಿನಗೆ ನೆನಪಿರಲಿಕ್ಕಿಲ್ಲ. ಅವಳು ಮತ್ತೆ ಅದನ್ನು ಹೇಳುವುದಿಲ್ಲ, ಮಗನಿಗೆ ಹೇಳಿಯಾಗಿದೆಯಲ್ಲ.

ಇಲ್ಲಿಯ ಸುದ್ದಿ: ವಾಲ್ವ್ ಪೂರ್ತಿ ಕೆಟ್ಟಿತು. ನೀರು ಇಳಿದು ಎದೆಗೆ ಸೋಂಕಾಗುತ್ತದೆ ಎಂದು ಡಾಕ್ಟರ್ ತೆಗೆದುಬಿಟ್ಟರು. ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಅದು ಕೂತಿದ್ದ ಸಣ್ಣ ರಂಧ್ರ ಮುಚ್ಚಿಹೋಗದಂತೆ ಒಂದು ರಬ್ಬರ್ ನಳಿಕೆ ತೂರಿಸಿ ಟೇಪ್ ಹಚ್ಚಿದ್ದಾರೆ. ಹೊಸ ವಾಲ್ವ್ ಬರುವವರೆಗೆ ಅದು ಅಲ್ಲೇ ಇರಬೇಕು. ಜಾರಿ ಬಿದ್ದರೆ ತಕ್ಷಣ ಬನ್ನಿ, ಮುಚ್ಚಿಕೊಂಡರೆ ಮತ್ತೆ ತೆರೆಯುವುದು ಕಷ್ಟ, ನಿಮ್ಮದು ರೇಡಿಯೇಷನ್ ಆದ ಕತ್ತು ಎಂದಿದ್ದಾರೆ. ಈಗ ಡೀಸೆಲ್ ಗಾಡಿಯ ಸದ್ದೂ ಇಲ್ಲ.

ಡ್ರೈವಿಂಗ್ ಸ್ಕೂಲಿನಲ್ಲಿ ಡ್ಯಾಶ್‌ಬೋರ್ಡ್ ತಟ್ಟಿ ಕಲಿಸುತ್ತಿದ್ದೆ. ಒಂದು ತಟ್ಟು ಕ್ಲಚ್, ಎರಡು ತಟ್ಟು ಬ್ರೇಕ್. ಮೊನ್ನೆ ಬನಶಂಕರಿ ಬಸ್ ನಿಲ್ದಾಣದ ಎದುರು ಬಸ್ಸೊಂದು ಅಡ್ಡ ಬಂತು. ತಟ್ಟಿದೆ, ತಟ್ಟಿದೆ, ಕಲಿಯಲು ಬಂದಿದ್ದ ಹುಡುಗಿ ಮೇಘಶ್ರೀ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತಿದಳು. ನನ್ನ ಕಾಲಡಿಯ ಬ್ರೇಕ್ ಇದ್ದದ್ದರಿಂದ ಬದುಕಿದೆವು. "ಬಾಯ್ಬಿಟ್ಟು ಹೇಳ್ಬಾರ್ದಾ ಅಂಕಲ್!" ಎಂದು ನಡುರಸ್ತೆಯಲ್ಲಿ ಅತ್ತಳು. ಓನರ್ ಭೀಮರಾಯ ನನ್ನ ಹೆಗಲ ಮೇಲೆ ಕೈಯಿಟ್ಟು, "ವಾಯ್ಸ್ ಬಂದ್ಮೇಲೆ ಬನ್ನಿ ಪ್ರಸನ್ನ, ನಿಮ್ ಜಾಗ ಎಲ್ಲೂ ಹೋಗಲ್ಲ" ಎಂದರು. ಅಂದೇ ಸಂಜೆ ಬೇರೆಯವನು ನನ್ನ ಸೀಟಿನಲ್ಲಿ ಹೋಗುತ್ತಿದ್ದ.

ನೀನೇ ಹಣ ಕೊಡುತ್ತೇನೆ ಎಂದು ವನಿತಾಗೆ ಹೇಳಿದೆಯಂತೆ. ಬೇಡ. ಇದು ಒಂದು ಸಲ ಕೊಟ್ಟು ಮುಗಿಯುವುದಲ್ಲ. ಜೀವನಪೂರ್ತಿ ನಿನ್ನಿಂದ ಮಾತು ಸಾಲ ತರಲಾರೆ. ಕಂಪನಿ ಒಪ್ಪಬೇಕು. ಅದೊಂದನ್ನು ಮಾಡು.

ಪ್ರಸನ್ನ

*

ವಾಯ್ಸ್ ನೋಟ್
೯ ಮಾರ್ಚ್ ೨೦೨೫

ಮಗಾ! ಕೆಲ್ಸ ಆಯ್ತು ಅನ್ಕೋ! ಸ್ವೀಟ್ ತರೋಕೆ ಹೇಳು ವನಿತಾಗೆ!

ನಿನ್ನೆ ಆ ಎರಡನೇ ಫೋನ್ ಹೊಡ್ಕೊಳ್ತು. ಅವ್ವ ಯಾಕಪ್ಪ ಶನಿವಾರ ಅನ್ಕೊಂಡೆ. ನೋಡಿದ್ರೆ ಕಂಪನಿ. ವೆರಿಫಿಕೇಶನ್ ಕಾಲು. ಒಂದು ಹುಡುಗಿ, ಜೇನಿನಂಥ ದನಿ. "ಪ್ರಸನ್ನ ಅವರು ಮಾತಾಡ್ತಿರೋದಾ ಸಾರ್? ಪಾಲಿಸಿದಾರರೇ ಮಾತಾಡ್ಬೇಕು, ಬೇರೆಯವ್ರು ಮಾತಾಡಂಗಿಲ್ಲ. ಈ ಕರೆ ರೆಕಾರ್ಡ್ ಆಗ್ತಿದೆ."

ಏನ್ ಮಾಡ್ಲಿ? ಅವ್ರಿಗೆ ಮಾತು ಬರಲ್ಲಮ್ಮ ಅಂದ್ರೆ "ಹಾಗಾದ್ರೆ ವೆರಿಫೈ ಆಗ್ಲಿಲ್ಲ" ಅಂತ ಇಟ್ಬಿಡ್ತಾಳೆ, ಫೈಲು ಮೂಲೆಗೆ ಹೋಗುತ್ತೆ. ಎಷ್ಟು ನೋಡಿಲ್ಲ ನಾನು. ನಮ್ ಏಜೆಂಟುಗಳ ಕೆಲ್ಸಾನೇ ಅದಲ್ವಾ ಗುರು, ಕಸ್ಟಮರ್ ಗದ್ದೇಲಿರ್ತಾನೆ, ಬಾತ್‌ರೂಮಲ್ಲಿರ್ತಾನೆ, ವೆರಿಫಿಕೇಶನ್ ಬಂದ್ರೆ ನಾವೇ "ಹೂಂ ನಾನೇ" ಅಂತೀವಿ. ಎಸ್ಸಾರ್ ಅಂದಂಗೆ. ಇಲ್ಲಂತೂ ವಾಯ್ಸೂ ರೆಡಿ ಇತ್ತು, ಭಾನುವಾರ ಭಾನುವಾರ ಸಾಣೆ ಹಿಡಿದಿದ್ದು. "ಹೂಂ ಕಣಮ್ಮ, ನಾನೇ ಪ್ರಸನ್ನ" ಅಂದೆ.

ಹುಟ್ಟಿದ ತಾರೀಕು ಹೇಳ್ದೆ, ಅಡ್ರೆಸ್ ಹೇಳ್ದೆ, ನಾಮಿನಿ ವನಿತಾ ಅಂದೆ. "ಈಗ ಹೇಗಿದೀರ ಸಾರ್?" ಅಂದ್ಲು. ಇಲ್ಲೇ ನೋಡು ನನ್ ಎಕ್ಸ್‌ಪೀರಿಯನ್ಸು. ಕಂಪನಿ ಕೇಳ್ದಾಗ ಕಸ್ಟಮರ್ ಯಾವಾಗ್ಲೂ ಗಟ್ಟಿಮುಟ್ಟಾಗಿರ್ಬೇಕು. ಕಾಯಿಲೆ ಅಂತ ಗೊತ್ತಾದ್ರೆ ಹೆದರ್ಕೊಳ್ತಾರೆ, ಮುಂದೆ ದೊಡ್ಡ ಖರ್ಚು ಬರುತ್ತೆ ಅಂತ. ಅದಕ್ಕೇ "ಸೂಪರ್ ಆಗಿದೀನಮ್ಮ, ಊಟ ತಿಂಡಿ ಎಲ್ಲ ಚೆನ್ನಾಗಿ ಸೇರುತ್ತೆ, ಬೆಳಿಗ್ಗೆ ವಾಕಿಂಗ್, ಡ್ರೈವಿಂಗ್ ಕ್ಲಾಸು" ಅಂತ ಹೊಡ್ದೆ. ಅವ್ಳು ಡ್ರೈವಿಂಗ್ ಕಲೀಬೇಕು ಸಾರ್ ಅಂದ್ಲು. "ಬಾರಮ್ಮ, ನಾನ್ ಕಲಿಸ್ತೀನಿ, ಬನಶಂಕರಿ ಟ್ರಾಫಿಕ್ಕಲ್ಲಿ ಓಡ್ಸಿದೋರಿಗೆ ಯಮನೂ ದಾರಿ ಬಿಡ್ತಾನೆ" ಅಂದೆ. ನಕ್ಕಳು ಮಗಾ! ಕೊನೇಲಿ "ನಿಮ್ ಜೊತೆ ಮಾತಾಡಿ ತುಂಬಾ ಖುಷಿ ಆಯ್ತು ಪ್ರಸನ್ನ ಸಾರ್" ಅಂದ್ಲು.

ಹಂಗ್ ಅಂದ್ಮೇಲೆ ಇನ್ನೇನು. ಹುಣ್ಣಿಮೆಗೆ ಮೈಕ್ ಬುಕ್ ಮಾಡ್ಸು.

ನಿನ್ ಗೌರಿ

*

೮ ಏಪ್ರಿಲ್ ೨೦೨೫

ಗೌರೀ,

ಒಂದು ತಿಂಗಳು ಬರೆಯಲಿಲ್ಲ. ಕಂಪನಿ ಏನು ಹೇಳಿತು ಎಂದು ನೀನು ದಿನವೂ ಕೇಳುತ್ತಿದ್ದೆ. ಶನಿವಾರ ಅವರ ಆಫೀಸಿಗೆ ನನ್ನನ್ನು ಖುದ್ದಾಗಿ ಕರೆದಿದ್ದರು. ನಿನಗೆ ಹೇಳದೆ ಹೋದೆ. ನೀನು ಬಂದರೆ ನೀನೇ ಮಾತಾಡುತ್ತೀಯ ಎಂದು.

ನಿನ್ನ ಕೈಲಾಸ್ ನನ್ನನ್ನು ಕೂರಿಸಿ, ಪಕ್ಕದಲ್ಲಿ ಕಂಪನಿಯ ಡಾಕ್ಟರಮ್ಮನನ್ನು ಕೂರಿಸಿ, ಕಂಪ್ಯೂಟರ್ ನನ್ನ ಕಡೆ ತಿರುಗಿಸಿದ. "ಒಂದು ಕಾಲ್ ಕೇಳಿಸ್ತೀನಿ ಸಾರ್" ಎಂದ.

ಗೌರೀ, ಅದು ನಾನೇ. ಎಳೆಯ ದಿನಗಳ ನಾನು. ಎಷ್ಟು ಸಲೀಸಾಗಿ, ಎಷ್ಟು ಖುಷಿಯಲ್ಲಿ ಮಾತಾಡುತ್ತಿದ್ದೆ ನೋಡು! ವಾಕಿಂಗ್ ಹೋಗುತ್ತೇನಂತೆ. ಯಮನೂ ದಾರಿ ಬಿಡುತ್ತಾನಂತೆ. ಆ ಹುಡುಗಿ ನಕ್ಕಾಗ ನನಗೂ ನಗು ಬಂತು, ಕತ್ತಿನ ತೂತಿನಿಂದ ಬರೀ ಗಾಳಿ ಬಂತು. ನನಗಿಂತ ಒಳ್ಳೆಯ ಪ್ರಸನ್ನ ಅವನು.

"ಇದು ನಿಮ್ಮ ವಾಯ್ಸೇನಾ ಸಾರ್?" ಎಂದು ಕೈಲಾಸ್ ಕಾಗದ ಪೆನ್ನು ಮುಂದಿಟ್ಟ.

ಅಲ್ಲ ಎಂದು ಬರೆದರೆ ಬೇರೆಯವನು ನನ್ನ ಹೆಸರಲ್ಲಿ ಮಾತಾಡಿದ್ದಾನೆ, ಮೋಸ. ಪಾಲಿಸಿಯೇ ರದ್ದು. ಕ್ಯಾನ್ಸರ್ ಮರಳಿದೆಯೇ ಎಂದು ನೋಡುವ ಸ್ಕ್ಯಾನ್‌ಗಳೂ ಹೋದವು, ವನಿತಾ ಮೈತ್ರಿಯರ ರಕ್ಷಣೆಯೂ ಹೋಯಿತು. ನಿನ್ನ ಏಜೆನ್ಸಿಯೂ ಹೋಗುತ್ತಿತ್ತು, ಅದು ನನಗೆ ಆಮೇಲೆ ನೆನಪಾಯಿತು. "ಹೌದು, ನನ್ನದೇ" ಎಂದು ಬರೆದೆ.

ಶಾಲು ತೆಗೆಯಲು ಹೇಳಿದರು. ತೆಗೆದೆ. ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿ, "ಆಪರೇಷನ್ ಜೆನ್ಯೂನ್. ಧ್ವನಿಪೆಟ್ಟಿಗೆ ಇಲ್ಲ" ಎಂದರು. ಹಾಗಾದರೆ ಈ ಮಾತು ಎಲ್ಲಿಂದ ಬಂತು? ಅದಕ್ಕೂ ಅವರ ಬಳಿ ಉತ್ತರವಿತ್ತು. ಕೆಲವರು ಗಾಳಿ ನುಂಗಿ, ತೇಗಿದ ಹಾಗೆ ಅದನ್ನೇ ಮಾತು ಮಾಡಿಕೊಳ್ಳಲು ಕಲಿಯುತ್ತಾರಂತೆ, ಯಾವ ವಾಲ್ವೂ ಬೇಕಾಗಿಲ್ಲವಂತೆ. "ಕಂಗ್ರಾಟ್ಸ್ ಮಿಸ್ಟರ್ ಪ್ರಸನ್ನ. ನನ್ ಸರ್ವಿಸಲ್ಲಿ ಇಷ್ಟು ಕ್ಲಿಯರ್ ಆಗಿ ಕಲಿತೋರನ್ನ ನೋಡಿಲ್ಲ. ಎಲ್ಲಿ, ಎರಡು ಮಾತಾಡಿ."

ಬಾಯಿ ತೆರೆದೆ.

"ಈಗ ಯಾಕೆ ಬರ್ತಿಲ್ಲ?" ಎಂದರು ಡಾಕ್ಟರಮ್ಮ.

"ಕ್ಲೇಮ್ ಟೇಬಲ್ ಮುಂದೆ ಯಾರಿಗೂ ಬರಲ್ಲ ಮೇಡಂ" ಎಂದ ಕೈಲಾಸ್. ಇಬ್ಬರೂ ನಕ್ಕರು, ಕೆಟ್ಟವರ ಹಾಗಲ್ಲ, ಮಧ್ಯಾಹ್ನ ಊಟಕ್ಕೆ ಮುಂಚೆ ಸುಸ್ತಾದವರ ಹಾಗೆ.

ಮತ್ತೆ ಪ್ರಯತ್ನಿಸಿದೆ. ಕೆಮ್ಮು ಹತ್ತಿಕೊಂಡಿತು. ಟೇಪ್ ಬಿಟ್ಟು ನಳಿಕೆ ಹಾರಿ ಅವರ ಟೇಬಲ್ ಮೇಲೆ ಬಿತ್ತು. ಕೈಲಾಸ್ ತನ್ನ ಊಟದ ಡಬ್ಬಿಯನ್ನು ಆ ಕಡೆ ಸರಿಸಿ, ಟೇಬಲ್ ಒರೆಸಲು ಯಾರನ್ನೋ ಕೂಗಿದ. ನಾನು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಆಟೋ ಹತ್ತಿದೆ. ಆಸ್ಪತ್ರೆಯಲ್ಲಿ ಓಪಿಡಿ ಮುಗಿದಿತ್ತು. ಎಮರ್ಜೆನ್ಸಿಯಲ್ಲಿದ್ದ ಹೊಸ ಡಾಕ್ಟರ್‌ಗೆ ಬರೆದು ತೋರಿಸಿದೆ. "ಉಸಿರಾಟ ಚೆನ್ನಾಗೇ ಇದೆಯಲ್ಲ, ಸೋಮವಾರ ಬನ್ನಿ" ಎಂದ. ಸೋಮವಾರ ಹೋದೆ. ರಂಧ್ರ ಮುಚ್ಚಿಕೊಂಡಿತ್ತು.

ಮತ್ತೆ ತೆರೆಯುವುದು ಬೇಡ ಎಂದರು ದೊಡ್ಡ ಡಾಕ್ಟರ್. ಸುಟ್ಟ ಚರ್ಮ, ಮಾಯುವುದಿಲ್ಲ. ಕತ್ತಿಗೆ ಒತ್ತಿಕೊಂಡು ಮಾತಾಡುವ ಒಂದು ಯಂತ್ರ ತೋರಿಸಿದರು. ಮಿಕ್ಸಿಯೊಳಗಿಂದ ಯಾರೋ ಕೂಗಿದ ಹಾಗೆ ಇತ್ತು. ಅದೂ ಹೊರಗಿನ ಉಪಕರಣವಂತೆ.

ಕಂಪನಿಯ ಕಾಗದ ಇವತ್ತು ಬಂತು. ಇಂಗ್ಲಿಷಿನಲ್ಲಿದೆ, ನಿನಗೆ ಕನ್ನಡದಲ್ಲಿ ಹೇಳುತ್ತೇನೆ: "ವಿಮೆದಾರರು ಯಾವ ಉಪಕರಣವೂ ಇಲ್ಲದೆ ಸ್ಪಷ್ಟವಾಗಿ, ದೀರ್ಘವಾಗಿ ಮಾತಾಡಬಲ್ಲವರಾಗಿರುವುದರಿಂದ ಈ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಅವರ ಉತ್ತಮ ಆರೋಗ್ಯಕ್ಕೆ ನಮ್ಮ ಹಾರೈಕೆಗಳು."

ನನಗೆ ಇನ್ನು ನಿನ್ನಿಂದ ಬೇಕಾಗಿರುವುದು ಒಂದೇ. ಅವ್ವನ ಫೋನ್ ಎತ್ತಬೇಡ. ಹುಣ್ಣಿಮೆಗೆ ಅವಳು ಬಂದಾಗ ನಾನೇ ತಿಳಿಸುತ್ತೇನೆ, ನನ್ನ ರೀತಿಯಲ್ಲಿ.

ಪ್ರಸನ್ನ

*

ವಾಯ್ಸ್ ನೋಟ್
೧೦ ಏಪ್ರಿಲ್ ೨೦೨೫

ಮಗಾ... ನಾನು... ಅಲ್ಲ, ಆ ಹುಡುಗಿ ಕೇಳಿದ್ದು... ಇಲ್ಲ. ಆಮೇಲೆ. ಆಮೇಲೆ ಮಾಡ್ತೀನಿ.

ಗೌರಿ

*

೯ ಮೇ ೨೦೨೫

ಗೌರೀ,

ನೀನು ಮಾತು ಉಳಿಸಿಕೊಂಡೆ. ನಾಲ್ಕು ಭಾನುವಾರ ಫೋನ್ ಎತ್ತಲಿಲ್ಲ. ಇದರಿಂದ ಆದದ್ದನ್ನೂ ಹೇಳುತ್ತೇನೆ. ಮಗ ಸತ್ತಿದ್ದಾನೆ, ತನಗೆ ಮುಚ್ಚಿಡುತ್ತಿದ್ದಾರೆ ಎಂದು ಅವ್ವ ಊಟ ಬಿಟ್ಟಳಂತೆ. ಹುಣ್ಣಿಮೆಗೆ ಕಾಯದೆ ತಂಗಿ ಮೊನ್ನೆಯೇ ಅವಳನ್ನು ಬಸ್ಸಿನಲ್ಲಿ ಕರೆತಂದಳು.

ಬಾಗಿಲಲ್ಲಿ ನಿಂತಿದ್ದೆ. ಅವಳ ಕಣ್ಣು ಈಗ ಮಸುಕು. ನನ್ನ ಮುಖ ಸವರಿ, "ಅವ್ನೆ, ಬದ್ಕವ್ನೆ" ಎಂದು ತಂಗಿಗೆ ಹೇಳಿದಳು. ನಾನು ಅವಳ ಕೈ ತೆಗೆದು ಕತ್ತಿನ ಮೇಲಿಟ್ಟೆ. ಬೆರಳಿಗೆ ಉಸಿರು ತಾಗಿತು. ಕೈ ಹಿಂದಕ್ಕೆ ಎಳೆದುಕೊಂಡಳು. ಮತ್ತೆ ತಾನೇ ಇಟ್ಟಳು.

ಎಲ್ಲವನ್ನೂ ಹೇಳಿದೆವು. ವನಿತಾ ಕ್ಯಾನ್ಸರಿನ ಕತೆ ಹೇಳಿದಳು. ಭಾನುವಾರ ಭಾನುವಾರ ಮಾತಾಡಿದ್ದು ಗೌರಿ ಮಾಮ ಎಂದು ಮೈತ್ರಿ ಹೇಳಿದಳು, ಎರಡು ಸಲ, ನಿಧಾನವಾಗಿ. ನಾನು ಪಕ್ಕದಲ್ಲಿ ಅವ್ವನ ಕೈ ಹಿಡಿದು ಕೂತಿದ್ದೆ. ಅಳುತ್ತಾಳೆ ಎಂದುಕೊಂಡೆ. ಬೈಯುತ್ತಾಳೆ ಎಂದುಕೊಂಡೆ. ವನಿತಾಳ ಕಡೆ ತಿರುಗಿ ಕೇಳಿದಳು:

"ಈ ಭಾನ್ವಾರ ಎತ್ತನಾ ಫೋನ?"

"ಯಾರು ಅತ್ತೆ?"

"ನನ್ ಮಗ."

ವನಿತಾ ನನ್ನ ಕಡೆ ನೋಡಿದಳು. ಅವ್ವನ ಕೈ ನನ್ನ ಕೈಯಲ್ಲೇ ಇತ್ತು. ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ.

ಸೋಮವಾರ ಹುಣ್ಣಿಮೆ. ವಂದನೆಯನ್ನು ಎದುರು ಮನೆಯ ಸಿದ್ಧಾರ್ಥ ಹೇಳಿಕೊಡುತ್ತಾನೆ. ನಾನು ಜನರ ನಡುವೆ ಕೂರುತ್ತೇನೆ, ಅವ್ವನ ಪಕ್ಕದಲ್ಲಿ. ಅವಳು ನನ್ನನ್ನು ಈ ರೀತಿ ಅಭ್ಯಾಸ ಮಾಡಿಕೊಳ್ಳಬೇಕು. ಅದಕ್ಕೆ ಸಮಯ ಬೇಕು, ಮತ್ತು ಆ ಇನ್ನೊಬ್ಬ ಇರಬಾರದು. ನೀನು ಒಂದು ಸಲ ಎತ್ತಿದರೂ ಅವಳು ಮತ್ತೆ ನನ್ನ ಕಡೆ ತಿರುಗುವುದಿಲ್ಲ.

ಭಾನುವಾರ ಅವಳು ಖಂಡಿತ ಮಾಡುತ್ತಾಳೆ. ಎತ್ತಬೇಡ. ಬೇರೆ ಏನನ್ನೂ ನಿನ್ನನ್ನು ಎಂದೂ ಕೇಳುವುದಿಲ್ಲ.

ಪ್ರಸನ್ನ

*

ವಾಯ್ಸ್ ನೋಟ್
೧೧ ಮೇ ೨೦೨೫, ಭಾನುವಾರ

ಸಾರಿ ಮಗಾ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಒಂದು ತಿಂಗಳಿಂದ ಇದೇ ಆಗಿದೆ, ಶುರು ಮಾಡೋದು, ಅಳಿಸೋದು. ನಾನು, ನೋಡು, ಗೌರೀಶಂಕರ, ಬಾಯ್ಬಡುಕ.

ಕಂಪನಿಗೆ ಹೋಗಿದ್ದೆ. ಎಲ್ಲ ಹೇಳ್ಬಿಡೋಣ, ಏಜೆನ್ಸಿ ಹೋದ್ರೆ ಹೋಗ್ಲಿ ಅಂತ. ಬಸ್ಸಲ್ಲಿ ಪೂರ್ತಿ ಪ್ರಾಕ್ಟೀಸ್ ಮಾಡ್ಕೊಂಡು ಹೋದೆ. ಕೈಲಾಸ್ ನನ್ ನೋಡಿ ಎದ್ದು ನಿಂತ. "ಸಾರ್, ನಿಮ್ ಫ್ರೆಂಡ್ ವಾಯ್ಸ್ ಸಖತ್ ಸಾರ್. ಆ ಕಾಲ್‌ನ ನಮ್ ಹೊಸಬ್ರ ಟ್ರೈನಿಂಗಲ್ಲಿ ಹಾಕ್ತಿದಾರೆ. ವಾಲ್ವ್ ಇಲ್ದೇನೂ ಜನ ಹೆಂಗ್ ಮಾತಾಡ್ತಾರೆ ಅಂತ" ಅಂದ. ಟೀ ತರ್ಸ್ದ. ಕುಡ್ದೆ. ನಿನ್ ಪಾಲಿಸಿ ರದ್ದಾಗುತ್ತಲ್ವಾ, ಹೇಳಿದ್ರೆ? ಸ್ಕ್ಯಾನು, ಮೈತ್ರಿ, ಎಲ್ಲ? ನಾನು ಅದಕ್ಕೇ ಹೇಳ್ಲಿಲ್ಲ ಅಂತ ಬರೋ ದಾರೀಲೆಲ್ಲ ಅನ್ಕೊಂಡೆ. ಗೊತ್ತಿಲ್ಲ ಮಗಾ. ಬಾಯಿ ಬರ್ಲಿಲ್ಲ. ನಂಗೆ, ಬಾಯಿ ಬರ್ಲಿಲ್ಲ.

ನೀನು ಹೇಳಿದ್ದು ಸರೀನೇ. ನಾನು ಎತ್ತಲ್ಲ. ಇವತ್ತೇ ಆ ಸಿಮ್ ತೆಗೆದು ಮುರಿದು ಹಾಕೋಣ ಅಂತ ಆ ಫೋನ್ ಕೈಲಿ ಹಿಡ್ಕೊಂಡೇ ಕೂತಿದ್ದೆ. ನೋಡು, ಯಾವತ್ತೂ ಇಲ್ದೆ ಜೆರಾಕ್ಸ್ ಅಂಗಡಿ ಇವತ್ತು ರಜ, ಒಂದು ಸದ್ದಿಲ್ಲ. ನಂಗೆ ಒಂದು ಭಯ ಮಗಾ, ಯಾರಿಗೂ ಹೇಳಿಲ್ಲ. ಮೊನ್ನೆ ಒಬ್ಬ ಕಸ್ಟಮರ್‌ಗೆ ಪ್ರೀಮಿಯಂ ಹೇಳ್ತಾ ಇದ್ದೆ, ಅರ್ಧದಲ್ಲಿ ನಿನ್ ದನಿ ಬಂದ್ಬಿಡ್ತು. ಅವನಿಗೇನ್ ಗೊತ್ತಾಗುತ್ತೆ. ಪಾಲಿಸಿ ತಗೊಂಡ.

ಹೊಡ್ಕೋತಿದೆ. ಆ ಫೋನು. "ಅವ್ವ" ಅಂತ ಬರ್ತಿದೆ. ಹೊಡ್ಕೊಳ್ಳಿ ಬಿಡು, ನಾನು ಎತ್ತಲ್ಲ ಅಂದೆನಲ್ಲ.

ನಿಂತೋಯ್ತು.

ನಿಮ್ಮನೆಯಿಂದಾನೇ ಮಾಡ್ತಿದಾರೆ ಅಲ್ವಾ? ನೀನು ಪಕ್ಕದಲ್ಲೇ ಕೂತಿರ್ತೀಯ. ಕೈ ಹಿಡ್ಕೊಂಡು. ಅವ್ರು ಆ ಪುಟ್ಟ ಫೋನ್ ಕಿವಿಗೆ ಒತ್ಕೊಂಡಿರ್ತಾರೆ, ನಿಂಗೆ ರಿಂಗ್ ಕೇಳಿಸ್ತಿರುತ್ತೆ, ಟುರ್ ಟುರ್ ಅಂತ. ಅವ್ರು ಇಡಲ್ಲ ಮಗಾ. ನಾಲ್ಕು ಭಾನುವಾರ ನೋಡಿದೀನಿ ನಾನು, ಸಂಜೆವರೆಗೂ ಇಡಲ್ಲ. ಊಟ ಬಿಟ್ಟಿದ್ರು ಅಂತ ನೀನೇ ಬರ್ದಿದೀಯಲ್ಲ. ನೀನು ಎತ್ತಬೇಡ ಅಂದಿದ್ದು ನೆನಪಿದೆ, ಎಲ್ಲ ನೆನಪಿದೆ...

ಮತ್ತೆ. ಮತ್ತೆ ಅವ್ವಾನೇ.

ಇಡ್ತೀನಿ ಮಗಾ, ಅವ್ವ ಕರೀತಿದಾರೆ.

ಹೇಳವ್ವಾ. ಹೂಂ ಕಣವ್ವಾ, ನಾನೇ.

ಪ್ರಸನ್ನ